ಹಳೆ ಮನೆ ಮಾರುವ ಮೊದಲು ಹೊಸ ಮನೆ

ಒಂದು ಮನೆ ಮಾರಿ ಇನ್ನೊಂದನ್ನು ಕೊಳ್ಳಬೇಕಾಗಿ ಬಂದವರಿಗೆ ಎರಡೂ ಒಂದೇ ವಾರದಲ್ಲಿ ಮುಗಿಯುವ ಯೋಗ ಸಾಮಾನ್ಯವಾಗಿ ಕೂಡಿಬರುವುದಿಲ್ಲ. ಮೈಸೂರಿನ ಕುವೆಂಪುನಗರದಲ್ಲೋ ಧಾರವಾಡದ ಸಾಧನಕೇರಿಯಲ್ಲೋ ಮೂವತ್ತು ವರ್ಷದ ಹಿಂದೆ ಕಟ್ಟಿಸಿದ ಮನೆ ಇರುತ್ತದೆ. ಮಕ್ಕಳು ಬೆಂಗಳೂರಿನಲ್ಲಿ ನೆಲೆ ನಿಂತಿರುತ್ತಾರೆ. ಅವರಿಗೆ ಹತ್ತಿರವಾಗುವಂಥ ಫ್ಲ್ಯಾಟೊಂದು ಮನಸ್ಸಿಗೆ ಹಿಡಿಸಿರುತ್ತದೆ, ಅದರ ಮಾಲೀಕ ಮೂರು ತಿಂಗಳೊಳಗೆ ರಿಜಿಸ್ಟ್ರೇಷನ್ ಆಗಲೇಬೇಕೆಂದು ಪಟ್ಟು ಹಿಡಿದಿರುತ್ತಾನೆ. ಇತ್ತ ಹಳೆ ಮನೆಯನ್ನು ನೋಡಿಹೋದವರು ಹಲವರು, ಅಡ್ವಾನ್ಸ್ ಕೊಟ್ಟವರು ಯಾರೂ ಇಲ್ಲ. ಈ ನಡುಗಾಲಕ್ಕೆಂದೇ ಬ್ಯಾಂಕುಗಳೂ ಗೃಹಸಾಲ ಸಂಸ್ಥೆಗಳೂ ಬ್ರಿಡ್ಜ್ ಲೋನ್ ಎಂಬ ಅಲ್ಪಾವಧಿ ಸಾಲ ಕೊಡುತ್ತವೆ: ಹೊಸ ಮನೆಗೆ ಈಗಲೇ ಹಣ, ಹಳೆ ಮನೆ ಮಾರಿದ ಮೇಲೆ ಇಡಿಗಂಟಾಗಿ ವಾಪಸು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಇಂಥವರಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಅವರ ಹಾಸಿಗೆ ಸಾಕಷ್ಟು ಉದ್ದವೇ ಇದೆ, ಬೇರೆ ಊರಿನಲ್ಲಿದೆ ಅಷ್ಟೆ. ಹಾಗಾಗಿ ಈ ಸಾಲವನ್ನು ದುಂದುಗಾರಿಕೆ ಎಂದು ತಳ್ಳಿಹಾಕುವುದು ತಪ್ಪಾಗುತ್ತದೆ. ಆದರೆ ಜನ ಇದನ್ನು ಅಳೆಯುವ ರೀತಿ ಸರಿಯಿಲ್ಲ ಎಂಬುದು ನನ್ನ ವಾದ. ಬಡ್ಡಿ ಎಷ್ಟು, ಪ್ರೊಸೆಸಿಂಗ್ ಶುಲ್ಕ ಎಷ್ಟು ಎಂದು ನಾಲ್ಕು ಬ್ಯಾಂಕು ಸುತ್ತಿ ಕಾಲು ಪರ್ಸೆಂಟ್ ಉಳಿಸಿದವರೇ, ಹಳೆ ಮನೆಯ ಹಣ ಯಾವ ತಾರೀಕಿಗೆ ಕೈಸೇರುತ್ತದೆ ಎಂಬ ಪ್ರಶ್ನೆಯನ್ನು ‘ಬೇಗ ಹೋಗುತ್ತೆ ಬಿಡಿ ಸಾರ್’ ಎಂಬ ಬ್ರೋಕರನ ಮಾತಿಗೆ ಬಿಟ್ಟಿರುತ್ತಾರೆ. ಸಾಲದ ನಿಜವಾದ ದರ ನಿಂತಿರುವುದು ಆ ತಾರೀಕಿನ ಮೇಲೆ. ನಮ್ಮ ರಾಜ್ಯದಲ್ಲಿ ಆ ತಾರೀಕು ಮಾರುವವನ ಕೈಯಲ್ಲಿರುವುದು ಬಹಳ ಕಡಿಮೆ.

ಸಾಲದ ರಚನೆಯನ್ನು ಮೊದಲು ನೋಡಬೇಕು. ಎಸ್‌ಬಿಐ, ಎಚ್‌ಡಿಎಫ್‌ಸಿಯಂಥ ದೊಡ್ಡ ಸಂಸ್ಥೆಗಳು ಈ ಬಗೆಯ ಸಾಲಕ್ಕೆ ಎರಡು ವರ್ಷದ ಗಡುವು ಇಟ್ಟಿವೆ. ಬಡ್ಡಿ ಮಾಮೂಲಿ ಗೃಹಸಾಲಕ್ಕಿಂತ ಹೆಚ್ಚು. ತಿಂಗಳು ತಿಂಗಳು ಬಡ್ಡಿಯನ್ನಷ್ಟೇ ಕಟ್ಟಿ ಅಸಲನ್ನು ಕೊನೆಗೆ ಒಟ್ಟಿಗೆ ತೀರಿಸುವುದು ಸಾಮಾನ್ಯ ಏರ್ಪಾಡು. ಇಪ್ಪತ್ತು ವರ್ಷದ ಗೃಹಸಾಲದಲ್ಲಿ ಒಂದೆರಡು ಕಂತು ತಪ್ಪಿದರೆ ಮುಂದಿನ ತಿಂಗಳು ಹೇಗೋ ಸರಿದೂಗಿಸಬಹುದು. ಇಲ್ಲಿ ಇರುವುದೇ ಒಂದು ಕಂತು, ಅದರ ಮೊತ್ತ ಪೂರ್ತಿ ಅಸಲು. ಗಡುವು ದಾಟಿ 90 ದಿನ ಕಳೆದರೆ ರಿಸರ್ವ್ ಬ್ಯಾಂಕಿನ ನಿಯಮದಂತೆ ಅದು ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯ್ದೆಯಡಿ 60 ದಿನದ ನೋಟಿಸು, ತೀರಿಸದಿದ್ದರೆ ಸ್ವಾಧೀನ. ಎರಡೂ ಸೇರಿ ಐದು ತಿಂಗಳು. ಭದ್ರತೆಗೆಂದು ಬಹಳ ಸಲ ಎರಡೂ ಮನೆಗಳ ಪತ್ರ ಬ್ಯಾಂಕಿಗೆ ಹೋಗಿರುವುದರಿಂದ ತೊಂದರೆಯೂ ಎರಡೂ ಮನೆಗೆ ತಗಲುತ್ತದೆ. ಇದರಲ್ಲಿ ಯಾರೂ ಹೇಳದ ಇನ್ನೊಂದು ತೊಡಕಿದೆ. ಹಳೆ ಮನೆಯ ಮೇಲೆ ಎಂಒಡಿ (ಪತ್ರಗಳನ್ನು ಭದ್ರತೆಗೆ ಒಪ್ಪಿಸಿದ ದಾಖಲೆ) ನೋಂದಣಿಯಾದರೆ ಅದು ಇಸಿಯಲ್ಲಿ (ಋಣಭಾರ ಪ್ರಮಾಣಪತ್ರದಲ್ಲಿ) ಋಣಭಾರವಾಗಿ ಕಾಣಿಸಿಕೊಳ್ಳುತ್ತದೆ. ಮನೆ ಕೊಳ್ಳಲು ಬರುವವನು ಒರಿಜಿನಲ್ ಪತ್ರ ತೋರಿಸಿ ಎಂದರೆ ತೋರಿಸಲು ಮನೆಯಲ್ಲಿ ಇರುವುದು ಜೆರಾಕ್ಸ್. ಅವನೂ ಸಾಲ ಮಾಡಿ ಕೊಳ್ಳುವವನಾದರೆ ಅವನ ಬ್ಯಾಂಕು ನಿಮ್ಮ ಬ್ಯಾಂಕಿಗೆ ಪತ್ರ ಬರೆದು, ಬಾಕಿ ಎಷ್ಟೆಂದು ತಿಳಿದುಕೊಂಡು, ಮೊದಲು ಆ ಬಾಕಿ ತೀರಿಸಿ, ಪತ್ರ ಬಿಡಿಸಿಕೊಂಡು, ಆಮೇಲೆ ಉಳಿದ ಹಣ ಕೊಡಬೇಕು. ಸಾಲ ತೀರಿದ 30 ದಿನದೊಳಗೆ ಆಸ್ತಿಪತ್ರ ಹಿಂದಿರುಗಿಸಬೇಕು, ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂದು ರಿಸರ್ವ್ ಬ್ಯಾಂಕು 2023ರ ಡಿಸೆಂಬರ್‌ನಿಂದ ಕಟ್ಟುಮಾಡಿರುವುದು ನಿಜ. ಆದರೆ ಆ 30 ದಿನವೂ ಕೊಳ್ಳುವವನ ತಾಳ್ಮೆಯ ಲೆಕ್ಕದಲ್ಲೇ ಸೇರುತ್ತದೆ. ಸಲೀಸಾಗಿ ಮಾರಾಟವಾಗಬೇಕಿದ್ದ ಆಸ್ತಿಗೆ ಸಾಲವೇ ಒಂದು ಗಂಟು ಹಾಕಿರುತ್ತದೆ.

ಇನ್ನು ತಾರೀಕಿನ ವಿಚಾರ. ಗಿರಾಕಿ ಸಿಕ್ಕು, ಬೆಲೆ ಕುದುರಿ, ಅಡ್ವಾನ್ಸ್ ಬಂದ ಮಾತ್ರಕ್ಕೆ ಕರ್ನಾಟಕದಲ್ಲಿ ಮನೆ ಮಾರಾಟವಾದಂತಲ್ಲ. ಕೊಳ್ಳುವವನ ಬ್ಯಾಂಕಿನ ವಕೀಲರು ತಾಯಿಪತ್ರದಿಂದ ಹಿಡಿದು ಇಲ್ಲಿಯವರೆಗಿನ ಕೊಂಡಿಗಳನ್ನು ನೋಡುತ್ತಾರೆ: ಕ್ರಯಪತ್ರ, ಖಾತೆ, ಕಂದಾಯ ರಶೀದಿ, ಭೂಪರಿವರ್ತನೆ ಆದೇಶ, ಪ್ಲ್ಯಾನ್ ಮಂಜೂರಾತಿ, ಯಜಮಾನರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ. 1987ರ ಕ್ರಯಪತ್ರದಲ್ಲಿ ಚಕ್ಕುಬಂದಿ ತಪ್ಪಾಗಿದ್ದರೆ, ತಂದೆಯ ಹೆಸರು ಒಂದು ಪತ್ರದಲ್ಲಿ ಊರಿನ ಇನಿಷಿಯಲ್‌ನೊಡನೆ, ಇನ್ನೊಂದರಲ್ಲಿ ಅದಿಲ್ಲದೆ ಇದ್ದರೆ ಅಲ್ಲಿಗೆ ತಿಂಗಳು ಹೋಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಸಮಪಾಲು ಎಂದು ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೇಳಿತು. ಅದನ್ನು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅನುಮಾನಕ್ಕೆ ಎಡೆಯಿಲ್ಲದಂತೆ ಎತ್ತಿಹಿಡಿಯಿತು. ನ್ಯಾಯವಾದ ತೀರ್ಪು. ಅದರ ಫಲವಾಗಿ ಅಕ್ಕತಂಗಿಯರ ಸಹಿ ಇಲ್ಲದೆ ಬ್ಯಾಂಕಿನ ವಕೀಲರು ಒಪ್ಪಿಗೆ ಕೊಡುವುದಿಲ್ಲ, ಕೊಡಬಾರದು ಕೂಡ. ತಂಗಿ ನ್ಯೂಜೆರ್ಸಿಯಲ್ಲಿದ್ದರೆ ಅಲ್ಲಿಂದ ಪವರ್ ಆಫ್ ಅಟಾರ್ನಿ ಬರಬೇಕು. ಬಂದ ಮೂರು ತಿಂಗಳೊಳಗೆ ಇಲ್ಲಿ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆಕೆ ಅನಿವಾಸಿ ಆಗಿರುವುದರಿಂದ ಕೊಳ್ಳುವವನು ಆಕೆಯ ಪಾಲಿಗೆ ಮಾಮೂಲಿ ಶೇ 1ರ ಬದಲು ಹೆಚ್ಚಿನ ದರದಲ್ಲಿ ತೆರಿಗೆ ಮುರಿದುಕೊಳ್ಳಬೇಕು, ಅದನ್ನು ತಗ್ಗಿಸಲು ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ತರಬೇಕು. ಇದರ ಮೇಲೆ ಸರ್ಕಾರದ ಬದಲಾವಣೆಗಳು. 2024ರ ಅಕ್ಟೋಬರ್‌ನಿಂದ ಬೆಂಗಳೂರಿನಲ್ಲಿ ಇ-ಖಾತಾ ಇಲ್ಲದೆ ನೋಂದಣಿ ಇಲ್ಲ ಎಂದಾಯಿತು. ಒಬ್ಬರ ನಿವೇಶನವನ್ನು ಇನ್ನೊಬ್ಬರು ಮಾರುವ ಮೋಸ ತಪ್ಪಿಸಲು ಅದು ಬೇಕಿದ್ದ ಕ್ರಮವೇ. ಆದರೆ ಆ ಹೊತ್ತಿಗೆ ಅಗ್ರಿಮೆಂಟ್ ಮಾಡಿಕೊಂಡಿದ್ದವರು ಖಾತೆಗಾಗಿ ಅಲೆದಾಡಿದರು. 2025ರ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶ ಕೈಕೊಟ್ಟು ಉಪನೋಂದಣಿ ಕಚೇರಿಗಳಲ್ಲಿ ಜನ ಸರ್ವರ್‌ಗಾಗಿ ಕಾದು ಕೂತರು. ಇವುಗಳಲ್ಲಿ ಯಾವುದೂ ಮಾರುವವನ ತಪ್ಪಲ್ಲ. ಆದರೆ ಬಡ್ಡಿ ಓಡುವುದು ಅವನ ಖಾತೆಯಲ್ಲಿ.

ಲೆಕ್ಕ ಹಾಕಿ ನೋಡೋಣ. ಸುಲಭವಾಗಲೆಂದು ಹಳೆ ಮನೆ 1 ಕೋಟಿ, ಹೊಸದೂ 1 ಕೋಟಿ, ಬ್ರಿಡ್ಜ್ ಲೋನ್ 75 ಲಕ್ಷ, ಬಡ್ಡಿ ವರ್ಷಕ್ಕೆ ಶೇ 12 ಎಂದಿಟ್ಟುಕೊಂಡರೆ ತಿಂಗಳಿಗೆ 75,000 ರೂಪಾಯಿ ಬಡ್ಡಿ. ಆರು ತಿಂಗಳಲ್ಲಿ ಮನೆ ಹೋದರೆ ನಾಲ್ಕೂವರೆ ಲಕ್ಷ. ಮನಸ್ಸಿಗೆ ಹಿಡಿಸಿದ ಮನೆ ಕೈತಪ್ಪದಿರಲಿ ಎಂದು ಇಷ್ಟು ಕೊಟ್ಟರೆ ತಪ್ಪೇನಿಲ್ಲ. ಹದಿನೆಂಟು ತಿಂಗಳಾದರೆ ಹದಿಮೂರೂವರೆ ಲಕ್ಷ. ಇಲ್ಲಿಯವರೆಗಿನ ಲೆಕ್ಕವನ್ನು ಎಲ್ಲರೂ ಮಾಡುತ್ತಾರೆ. ಬಿಟ್ಟುಹೋಗುವುದು ಎರಡು ಬಾಬ್ತು. ಮೊದಲನೆಯದು ಚೌಕಾಸಿ. ಮಾರುವವನಿಗೆ ಗಡುವು ಇದೆ ಎಂಬ ವಾಸನೆ ಬ್ರೋಕರುಗಳಿಗೆ ಬೇಗ ಹತ್ತುತ್ತದೆ, ಅವರಿಂದ ಗಿರಾಕಿಗೆ. ಇಸಿ ತೆಗೆದರೆ ಎಂಒಡಿ ಹೇಗೂ ಕಾಣುತ್ತದೆ. ಆತುರಕ್ಕೆಂದು ಶೇ 5 ಬಿಟ್ಟುಕೊಟ್ಟರೂ ಐದು ಲಕ್ಷ ಹೋಯಿತು. ‘ಅರ್ಧ ವೈಟು, ಅರ್ಧ ಬ್ಲ್ಯಾಕು’ ಎನ್ನುವ ಗಿರಾಕಿ ಬಂದರೆ ಬೇರೆಯದೇ ಫಜೀತಿ. ಕಾನೂನಿನ ಮಾತು ಹಾಗಿರಲಿ, ಚೀಲದಲ್ಲಿ ಬಂದ ನೋಟಿನಿಂದ ಬ್ಯಾಂಕಿನ ಸಾಲ ತೀರುವುದಿಲ್ಲ. ಎರಡನೆಯದು ತೆರಿಗೆ, ಇದು ಹೆಚ್ಚು ಗಂಭೀರ. ವಾಸದ ಮನೆ ಮಾರಿದ ಲಾಭವನ್ನು ಇನ್ನೊಂದು ಮನೆಗೆ ಹಾಕಿದರೆ ತೆರಿಗೆ ವಿನಾಯಿತಿ ಇದೆ. ಆದರೆ ಹೊಸ ಮನೆಯನ್ನು ಹಳೆಯದು ಮಾರುವುದಕ್ಕೆ ಒಂದು ವರ್ಷ ಮೊದಲಿನೊಳಗೆ ಅಥವಾ ಮಾರಿದ ಎರಡು ವರ್ಷದೊಳಗೆ ಕೊಂಡಿರಬೇಕು. ಕಟ್ಟಿಸುವುದಾದರೆ ಮಾರಿದ ಮೂರು ವರ್ಷದೊಳಗೆ. ಅಂದರೆ ಮೊದಲು ಕೊಂಡವನಿಗೆ ಹಳೆಯದನ್ನು ಮಾರಲು ಕಾನೂನು ಕೊಟ್ಟಿರುವುದು ಹನ್ನೆರಡೇ ತಿಂಗಳು. ಬ್ಯಾಂಕು ಕೊಟ್ಟಿರುವುದು ಇಪ್ಪತ್ತನಾಲ್ಕು. ಬ್ಯಾಂಕಿನ ಗಡುವನ್ನೇ ನಂಬಿ ಹದಿನಾಲ್ಕನೇ ತಿಂಗಳಲ್ಲಿ ಒಳ್ಳೆ ಬೆಲೆಗೆ ಮನೆ ಮಾರಿದವನು ನಿಶ್ಚಿಂತೆಯಿಂದ ಸಾಲ ತೀರಿಸಿ ಕೂತಾಗ ಆಡಿಟರು ಬೇರೆ ಸುದ್ದಿ ಹೇಳುತ್ತಾರೆ. ಲಾಭ 60 ಲಕ್ಷ ಎಂದುಕೊಂಡರೆ ಶೇ 12.5ರಂತೆ ಏಳೂವರೆ ಲಕ್ಷ, ಸರ್‌ಚಾರ್ಜ್ ಬಿಟ್ಟು ಸೆಸ್ ಸೇರಿಸಿದರೂ 7.8 ಲಕ್ಷ. ನಿಗದಿತ ಬಾಂಡುಗಳಲ್ಲಿ 50 ಲಕ್ಷದವರೆಗೆ ತೊಡಗಿಸಿ ತೆರಿಗೆಯಿಂದ ಬಹುಪಾಲು ತಪ್ಪಿಸಿಕೊಳ್ಳುವ ದಾರಿ ಇದೆ, ಆದರೆ ಆ ಹಣ ಐದು ವರ್ಷ ಕೈಗೆ ಸಿಗದು. ತೀರಿಸಬೇಕಾದ ಸಾಲ ಎದುರಿಗೆ ನಿಂತಿರುವವನಿಗೆ ಅದರಿಂದ ಉಪಯೋಗವಿಲ್ಲ. ಹದಿನೆಂಟು ತಿಂಗಳ ತಡಕ್ಕೆ ಬಡ್ಡಿ, ಚೌಕಾಸಿ, ತೆರಿಗೆ ಮೂರೂ ಕೂಡಿದರೆ 26 ಲಕ್ಷ ದಾಟುತ್ತದೆ. ಕೋಟಿಯ ಮನೆಯ ಕಾಲುಭಾಗ.

ಇದಕ್ಕೆ ಬರುವ ಬಲವಾದ ಆಕ್ಷೇಪವನ್ನು ಮರೆಮಾಚಬಾರದು. ಮೊದಲು ಮಾರಿ, ಬಾಡಿಗೆ ಮನೆಗೆ ಹೋಗಿ, ನಿಧಾನವಾಗಿ ಹುಡುಕಿ ಕೊಳ್ಳಿ ಎಂದರೆ ಅಷ್ಟರಲ್ಲಿ ಬೆಂಗಳೂರಿನ ಬೆಲೆ ಏರಿಬಿಡುವುದಿಲ್ಲವೆ? ಇಳಿವಯಸ್ಸಿನವರು ಎರಡು ಸಲ ಮನೆ ಬದಲಿಸುವುದು ಸುಲಭವೆ? ಎರಡನೆಯ ಪ್ರಶ್ನೆಗೆ ಹಣದ ಲೆಕ್ಕದಲ್ಲಿ ಉತ್ತರವಿಲ್ಲ. ಮಂಚ, ಬೀರು, ದೇವರಮನೆ ಸಾಮಾನು ಕಟ್ಟಿ ಇಳಿಸಿ ಮತ್ತೆ ಕಟ್ಟುವ ದಣಿವು ಅವರವರಿಗೇ ಗೊತ್ತು, ಅದಕ್ಕಾಗಿ ಒಂದಿಷ್ಟು ಬಡ್ಡಿ ಕೊಡುತ್ತೇನೆ ಎನ್ನುವವರನ್ನು ತಪ್ಪೆನ್ನಲಾಗದು. ಮೊದಲನೆಯದಕ್ಕೆ ಲೆಕ್ಕವಿದೆ. ನಮ್ಮ ನಗರಗಳಲ್ಲಿ ಮನೆಯ ಬೆಲೆಗೆ ಹೋಲಿಸಿದರೆ ಬಾಡಿಗೆ ಕಡಿಮೆ. ಕೋಟಿ ಬೆಲೆಯ ಫ್ಲ್ಯಾಟಿಗೆ ತಿಂಗಳಿಗೆ 30,000 ಬಾಡಿಗೆ ಎಂದರೆ ವರ್ಷಕ್ಕೆ 3.6 ಲಕ್ಷ. ಮಾರಿ ಬಂದ ಕೋಟಿಯನ್ನು ಬ್ಯಾಂಕಿನಲ್ಲಿಟ್ಟು ಶೇ 6 ಬಡ್ಡಿ ಬಂದರೂ 6 ಲಕ್ಷ. ತೆರಿಗೆ ಕಳೆದು, ಸಾಮಾನು ಸಾಗಿಸಿದ ಖರ್ಚನ್ನೂ ಕಳೆದು ನೋಡಿದರೆ ಕಾದ ವರ್ಷಕ್ಕೆ ಕೈಯಿಂದ ಬೀಳುವುದು ಹೆಚ್ಚೇನಿಲ್ಲ. ಮಾರಿದ ಮೇಲೆ ಕೊಳ್ಳುವವನಿಗೆ ತೆರಿಗೆ ಕಾನೂನು ಎರಡು ವರ್ಷ ಕೊಡುತ್ತದೆ, ರಿಟರ್ನ್ಸ್ ಸಲ್ಲಿಸುವ ಹೊತ್ತಿಗೆ ಖರ್ಚಾಗದೆ ಉಳಿದದ್ದನ್ನು ಬಂಡವಾಳ ಲಾಭದ ವಿಶೇಷ ಖಾತೆಯಲ್ಲಿ ಇಡಬಹುದು. ಬೆಲೆ ವರ್ಷಕ್ಕೆ ಶೇ 8 ಏರಿದರೆ 8 ಲಕ್ಷ ಹೆಚ್ಚು ಕೊಡಬೇಕಾಗುತ್ತದೆ, ಒಪ್ಪೋಣ. ಆದರೆ ಅಂಥ ಏರುಮಾರುಕಟ್ಟೆಯಲ್ಲಿ ಹಳೆ ಮನೆಯೂ ಬೇಗ ಹೋಗುತ್ತದೆ ಎಂದು ನಂಬುವುದು ಬೆಂಗಳೂರಿನ ಬೆಲೆಯನ್ನು ಬೇರೆ ಊರಿಗೆ ಹೊಲಿಯುವ ತಪ್ಪು. ಬೆಂಗಳೂರಿನ ಫ್ಲ್ಯಾಟಿಗೆ ಕೊಳ್ಳುವವರು ಸಾಲುಗಟ್ಟಿರುವ ವರ್ಷವೇ ಧಾರವಾಡದ ದೊಡ್ಡ ಹಂಚಿನ ಮನೆಗೆ ಗಿರಾಕಿ ಇಲ್ಲದಿರಬಹುದು. ಏರಿಕೆಯ ಭಯಕ್ಕೆ ಇನ್ನೊಂದು ಮದ್ದಿದೆ, ಸಾಲಕ್ಕಿಂತ ಅಗ್ಗದ್ದು: ಅವಧಿ ಕೇಳುವುದು. ಅಗ್ರಿಮೆಂಟಿನಲ್ಲಿ ಮೂರು ತಿಂಗಳು ಎಂದು ಬರೆಯುವುದು ಬರೀ ವಾಡಿಕೆ. ಬೆಲೆ ಗಟ್ಟಿ ಮಾಡಿ, ಅಡ್ವಾನ್ಸ್ ಸ್ವಲ್ಪ ಹೆಚ್ಚು ಕೊಟ್ಟು, ಆರೇಳು ತಿಂಗಳ ಸಮಯ ಕೇಳಿದರೆ ಒಪ್ಪುವ ಮಾಲೀಕರಿದ್ದಾರೆ, ಅವರಿಗೂ ಮುಂದಿನ ಮನೆ ಹುಡುಕಬೇಕಿರುತ್ತದೆ. ಸಮಯಕ್ಕಾಗಿ ಬೆಲೆಯ ಮೇಲೆ ಒಂದು ಲಕ್ಷ ಹೆಚ್ಚು ಕೊಟ್ಟರೂ ಅದು ಎರಡು ತಿಂಗಳ ಬ್ರಿಡ್ಜ್ ಬಡ್ಡಿಗಿಂತ ಕಡಿಮೆ. ಬೆಲೆಯ ಮೇಲೆ ಗಂಟೆಗಟ್ಟಲೆ ಜಗ್ಗಾಡುವವರು ತಾರೀಕಿನ ಮೇಲೆ ಐದು ನಿಮಿಷವೂ ಚೌಕಾಸಿ ಮಾಡದಿರುವುದು ಆಶ್ಚರ್ಯ.

ಬ್ಯಾಂಕಿನವರು ಸುಮ್ಮನೆ ಸಾಲ ಕೊಡುತ್ತಾರೆಯೇ, ಅಪಾಯವಿದ್ದರೆ ಅವರೇ ನಿರಾಕರಿಸುತ್ತಿದ್ದರಲ್ಲವೇ ಎನ್ನುವವರಿದ್ದಾರೆ. ಬ್ಯಾಂಕು ತನ್ನ ಅಪಾಯವನ್ನು ಅಳೆಯುತ್ತದೆ. ಕೋಟಿ ಬೆಲೆಯ ಎರಡು ಆಸ್ತಿ ಅಡವಿಟ್ಟುಕೊಂಡು 75 ಲಕ್ಷ ಕೊಟ್ಟವರಿಗೆ ಮನೆ ಆರು ತಿಂಗಳಲ್ಲಿ ಮಾರಾಟವಾದರೂ ಹರಾಜಿನಲ್ಲಿ ಹೋದರೂ ಅಸಲು ಬರುತ್ತದೆ. ತಡದ ನಷ್ಟ ಪೂರ್ತಿಯಾಗಿ ಸಾಲಗಾರನದು. ಬ್ರಿಟನ್ನಿನಲ್ಲಿ ಈ ವ್ಯವಹಾರ ಹಳೆಯದು, ದೊಡ್ಡದು. ಅಲ್ಲಿಯ ನಿಯಂತ್ರಕರ ವ್ಯಾಖ್ಯೆಯಲ್ಲಿ ಬ್ರಿಡ್ಜ್ ಲೋನ್ ಎಂದರೆ ಹನ್ನೆರಡು ತಿಂಗಳು ಮೀರದ ಸಾಲ. ಸಾಲ ಕೊಡುವವರು ಮೊದಲು ಕೇಳುವುದು ತೀರಿಸುವ ದಾರಿ ಯಾವುದು ಎಂದು. ಹಳೆ ಮನೆಯ ಮಾರಾಟ ಕರಾರಾಗಿ ತಾರೀಕು ನಿಶ್ಚಯವಾಗಿದ್ದರೆ ಅದು ಒಂದು ವರ್ಗ, ತಾರೀಕೇ ಇಲ್ಲದಿದ್ದರೆ ಇನ್ನೊಂದು. ಎರಡನೆಯದಕ್ಕೆ ಹೆಚ್ಚು ಬಡ್ಡಿ. ನಮ್ಮಲ್ಲಿ ಈ ಭೇದವನ್ನು ಸಾಲಗಾರನೇ ಮಾಡಿಕೊಳ್ಳಬೇಕಾಗಿದೆ. ಹಣದ ವ್ಯವಹಾರವನ್ನೇ ಕಸುಬಾಗಿ ಮಾಡಿಕೊಂಡವರೂ ಇದರಲ್ಲಿ ಎಡವುತ್ತಾರೆ ಎಂಬುದಕ್ಕೆ 2018ರ ಐಎಲ್ ಅಂಡ್ ಎಫ್ಎಸ್ ಕುಸಿತ ನೆನಪಿಸಿಕೊಂಡರೆ ಸಾಕು. ರಸ್ತೆ, ಸುರಂಗ, ವಿದ್ಯುತ್ ಸ್ಥಾವರಗಳಂಥ ಹತ್ತಾರು ವರ್ಷಕ್ಕೆ ಹಣ ಹಿಂದಿರುಗಿಸುವ ಕೆಲಸಗಳಿಗೆ ಆ ಸಮೂಹ ಅಲ್ಪಾವಧಿ ಸಾಲದ ಹಣವನ್ನೂ ಹಾಕಿತ್ತು. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಸಿಗುತ್ತದೆ ಎಂಬ ನಂಬಿಕೆ ಒಂದು ದಿನ ಕೈಕೊಟ್ಟಿತು. ಅದರ ಸಾಲಪತ್ರಗಳಿಗೆ ಕುಸಿತದ ಕೆಲವೇ ವಾರಗಳ ಮೊದಲವರೆಗೂ ಅತ್ಯುನ್ನತ ರೇಟಿಂಗ್ ಇತ್ತು. ಆಸ್ತಿ ಇರಲಿಲ್ಲವೆಂದು ಅದು ಬಿದ್ದದ್ದಲ್ಲ, ಆಸ್ತಿ ಹಣವಾಗುವ ತಾರೀಕು ಸಾಲದ ತಾರೀಕಿಗಿಂತ ಆಚೆ ಇತ್ತು. ಕುಟುಂಬದ ಬ್ರಿಡ್ಜ್ ಲೋನಿನಲ್ಲೂ ಅಷ್ಟೇ ನಡೆಯುವುದು, ಸೊನ್ನೆಗಳು ಕಡಿಮೆ.

ಹಾಗಾದರೆ ಯಾರಿಗೆ ಇದು ಬೇಕು? ಸಂಬಳದಾರರಿಗೆ ಬಹುಮಟ್ಟಿಗೆ ಬೇಕಿಲ್ಲ ಎಂದೇ ನನ್ನ ಅಭಿಪ್ರಾಯ. ಬದಲಾಗುವ ಬಡ್ಡಿದರದ ಗೃಹಸಾಲವನ್ನು ವ್ಯಕ್ತಿಗಳು ಅವಧಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ ಎಂಬ ನಿಯಮ 2012ರಲ್ಲೇ ಬಂದಿದೆ. ಆದ್ದರಿಂದ ಆದಾಯ ಸಾಲುವವನು ಹೊಸ ಮನೆಗೆ ಇಪ್ಪತ್ತು ವರ್ಷದ ಮಾಮೂಲಿ ಗೃಹಸಾಲವನ್ನೇ ತೆಗೆದು, ಹಳೆ ಮನೆ ಮಾರಿದ ದಿನ ಒಟ್ಟಿಗೆ ತೀರಿಸಬಹುದು. ಬಡ್ಡಿ ಕಡಿಮೆ. ಮಾರಾಟ ಎರಡು ವರ್ಷ ತಡವಾದರೂ ಇಎಂಐ ಕಟ್ಟುತ್ತಿರುವವರೆಗೆ ಯಾರೂ ನೋಟಿಸು ಕೊಡುವುದಿಲ್ಲ. ಹಳೆ ಮನೆಯ ಪತ್ರಗಳೂ ಬೀರುವಿನಲ್ಲೇ ಇರುತ್ತವೆ, ಇಸಿ ಶುದ್ಧವಾಗಿರುತ್ತದೆ. ಮಿತಿ ಇಲ್ಲದಿಲ್ಲ: 75 ಲಕ್ಷ ಮೀರಿದ ಸಾಲಕ್ಕೆ ಮನೆ ಬೆಲೆಯ ಶೇ 75ರಷ್ಟು ಮಾತ್ರ ಸಿಗುತ್ತದೆ. ಉಳಿದದ್ದನ್ನೂ, ಶೇ 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ಸು, 2025ರ ಆಗಸ್ಟ್ ಅಂತ್ಯದಿಂದ ಶೇ 2ಕ್ಕೆ ಏರಿದ ನೋಂದಣಿ ಶುಲ್ಕವನ್ನೂ ಕೈಯಿಂದ ಹೊಂದಿಸಬೇಕು. ಬ್ರಿಡ್ಜ್ ಲೋನ್ ನಿಜವಾಗಿ ಬೇಕಾಗುವುದು ಆಸ್ತಿ ಇದ್ದೂ ತಿಂಗಳ ಆದಾಯ ಇಲ್ಲದವರಿಗೆ, ಎಂದರೆ ನಿವೃತ್ತರಿಗೆ. ತಡವನ್ನು ತಾಳಿಕೊಳ್ಳುವ ಶಕ್ತಿ ಯಾರಿಗೆ ತೀರಾ ಕಡಿಮೆಯೋ ಅವರ ಮುಂದೆಯೇ ಈ ಸಾಲ ಬಂದು ನಿಲ್ಲುತ್ತದೆ. ಅಂಥವರಿಗೆ ನನ್ನ ಅಳತೆಗೋಲು ಒಂದೇ: ಹಳೆ ಮನೆಗೆ ನೋಂದಾಯಿತ ಅಗ್ರಿಮೆಂಟ್ ಆಗಿ, ಕೊಳ್ಳುವವನ ಸಾಲ ಮಂಜೂರಾಗಿ, ವಕೀಲರ ಅಭಿಪ್ರಾಯ ಬಂದು, ಇನ್ನು ಉಳಿದಿರುವುದು ರಿಜಿಸ್ಟ್ರೇಷನ್ ಮಾತ್ರ ಎಂಬ ಹಂತ ತಲುಪಿದ್ದರೆ ಸಾಲ ತೆಗೆಯಬಹುದು. ಆಗಲೂ ತಾವು ಅಂದುಕೊಂಡ ತಿಂಗಳುಗಳ ಎರಡರಷ್ಟು ಬಡ್ಡಿ ಕೈಯಲ್ಲಿರಬೇಕು. ಬೋರ್ಡು ಹಾಕಿದ್ದೇವೆ, ಫೋನು ಬರುತ್ತಿದೆ ಎಂಬ ಹಂತದಲ್ಲಿ ತೆಗೆಯಬಾರದು. ರಿಜಿಸ್ಟ್ರೇಷನ್ ಮಾತ್ರ ಉಳಿದ ಹಂತ ತಲುಪುವ ಹೊತ್ತಿಗೆ ಸಾಲದ ಅಗತ್ಯವೇ ಮುಗಿದಿರುತ್ತದಲ್ಲ ಎಂದು ಕೇಳಬಹುದು. ಬಹಳ ಸಲ ಹಾಗೇ ಆಗುತ್ತದೆ, ಆಗಲಿ.

ನಿಯಂತ್ರಣದಲ್ಲೂ ಒಂದು ಕೊರತೆ ಇದೆ. 2024ರ ಅಕ್ಟೋಬರ್‌ನಿಂದ ಚಿಲ್ಲರೆ ಸಾಲಗಳಿಗೆಲ್ಲ ಬ್ಯಾಂಕುಗಳು ಮುಖ್ಯಾಂಶಗಳ ಪತ್ರವೊಂದನ್ನು ಕೊಡಬೇಕು, ಶುಲ್ಕಗಳೆಲ್ಲ ಸೇರಿದ ವಾರ್ಷಿಕ ದರವನ್ನು ಅದರಲ್ಲಿ ನಮೂದಿಸಬೇಕು. ಒಳ್ಳೆಯ ನಿಯಮ, ಆದರೆ ಬರೆದುಕೊಟ್ಟ ಅವಧಿಯಲ್ಲಿ ಸಾಲ ತೀರುತ್ತದೆ ಎಂಬ ಊಹೆಯ ಮೇಲೆ ನಿಂತದ್ದು. ಬ್ರಿಡ್ಜ್ ಲೋನಿನ ಪತ್ರದಲ್ಲಿ ಇನ್ನೂ ನಾಲ್ಕು ಸಾಲು ಬೇಕು: ಆರು ತಿಂಗಳಿಗೆ ಮಾರಾಟವಾದರೆ ಒಟ್ಟು ಎಷ್ಟು, ಹನ್ನೆರಡಕ್ಕೆ ಎಷ್ಟು, ಇಪ್ಪತ್ತನಾಲ್ಕಕ್ಕೆ ಎಷ್ಟು, ಹನ್ನೆರಡು ದಾಟಿದರೆ ತೆರಿಗೆ ವಿನಾಯಿತಿ ತಪ್ಪಬಹುದು ಎಂಬ ಎಚ್ಚರಿಕೆ. ಕೊನೆಯದನ್ನು ಹೇಳುವುದು ಬ್ಯಾಂಕಿನ ಕೆಲಸವಲ್ಲ ಎಂದು ವಾದಿಸಬಹುದು. ಕಾನೂನಿನ ಹನ್ನೆರಡು ತಿಂಗಳಿಗೆ ಎರಡರಷ್ಟು ಅವಧಿಯ ಸಾಲವನ್ನು ಅದೇ ಉದ್ದೇಶಕ್ಕೆ ಮಾರುವವರು ಇಷ್ಟಾದರೂ ಹೇಳಬೇಕು.

ಮನೆ ಕೊಳ್ಳುವ ಅವಸರಕ್ಕೆ ‘ಬೇಡ, ಕಾಯಿರಿ’ ಎನ್ನಬಹುದು. ಆಸ್ಪತ್ರೆಯ ಬಿಲ್ಲಿಗೋ ಕಾಲೇಜಿನ ಸೀಟಿಗೋ ಹಾಗೆ ಹೇಳುವಂತಿಲ್ಲ. ಅಲ್ಲಿ ಪ್ರಶ್ನೆ ಸಾಲ ಬೇಕೇ ಬೇಡವೇ ಎಂಬುದಲ್ಲ, ಯಾವ ಸಾಲ ಎಂಬುದು. ಅಲ್ಲೂ ತಾರೀಕಿನ ಅಳತೆಯೇ ಕೆಲಸಕ್ಕೆ ಬರುತ್ತದೆ. ರೈತನ ಬೆಳೆಸಾಲವನ್ನೇ ನೋಡಿ. ಸಹಕಾರ ಸಂಘದಿಂದ ಶೂನ್ಯ ಬಡ್ಡಿಗೆ ಸಿಗುವ, 2023ರಲ್ಲಿ ರಾಜ್ಯ ಸರ್ಕಾರ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದ ಈ ಅಲ್ಪಾವಧಿ ಸಾಲದ ಗಡುವು ಬೆಳೆಗೆ ಹೊಂದಿಕೊಂಡಿರುತ್ತದೆ. ಅದೇ ವರ್ಷ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಅಂಥ ವರ್ಷಗಳಲ್ಲಿ ಗಡುವು ಮುಂದೂಡಲು, ಸಾಲವನ್ನು ಮರುಹೊಂದಿಸಲು ನಿಯಮಗಳಿವೆ. ಫಸಲು ತಡವಾಗಬಹುದು ಎಂದು ಒಪ್ಪಿಕೊಂಡು ರೂಪಿಸಿದ ಸಾಲ ಅದು. ಚಿನ್ನದ ಸಾಲ ಇಷ್ಟು ಉದಾರಿಯಲ್ಲ, ಆದರೂ ಅದರಲ್ಲಿ ಎರಡು ಗುಣಗಳಿವೆ: ಅಸಲನ್ನು ಸ್ವಲ್ಪ ಸ್ವಲ್ಪವಾಗಿ ತೀರಿಸುವ ಅನುಕೂಲವನ್ನು ಅನೇಕ ಬ್ಯಾಂಕುಗಳು ಕೊಡುತ್ತವೆ, ಕೈಮೀರಿದರೆ ಹೋಗುವುದು ಬಳೆ, ಮನೆಯಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ನಿರ್ದೇಶನಗಳು ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ ಶೇ 85ರವರೆಗೂ, 5 ಲಕ್ಷ ಮೀರಿದ್ದಕ್ಕೆ ಶೇ 75ರವರೆಗೂ ಕೊಡಲು ಅವಕಾಶ ಮಾಡಿವೆ. ಎಫ್‌ಡಿ ಇದ್ದರೆ, ಎಲ್ಐಸಿ ಪಾಲಿಸಿ ಇದ್ದರೆ ಅವುಗಳ ಮೇಲಿನ ಸಾಲ ಇನ್ನೂ ವಾಸಿ. ಎಂಎಸ್ಐಎಲ್‌ನಂಥ ಕಡೆ ನೋಂದಾಯಿತ ಚೀಟಿ ಹಾಕಿದವರಿಗೆ ಹರಾಜಿನಲ್ಲಿ ಕೂಗಿ ಎತ್ತಿಕೊಳ್ಳುವ ದಾರಿಯೂ ಇದೆ.

ಇವೆಲ್ಲ ಮುಗಿದವರು ಖಾಸಗಿಯವರ ಬಾಗಿಲಿಗೆ ಹೋಗುತ್ತಾರೆ. ಅಲ್ಲಿ ಬಡ್ಡಿಯನ್ನು ನೂರಕ್ಕೆ ತಿಂಗಳಿಗೆ ಇಷ್ಟು ಎಂದು ಹೇಳುವ ರೂಢಿ. ‘ಮೂರು ರೂಪಾಯಿ ಬಡ್ಡಿ’ ಕೇಳಲು ಹಗುರ, ವರ್ಷಕ್ಕೆ ಶೇ 36. ಪರವಾನಗಿ ಇರುವ ಲೇವಾದೇವಿಗಾರರು ಭದ್ರತೆ ಇರುವ ಸಾಲಕ್ಕೆ ಶೇ 14, ಇಲ್ಲದ್ದಕ್ಕೆ ಶೇ 16 ಮೀರಿ ಪಡೆಯುವಂತಿಲ್ಲ. ಮೀಟರ್ ಬಡ್ಡಿ ತಡೆಯಲು 2004ರ ಕಾಯ್ದೆ ಇದೆ. ವಸೂಲಿಯ ಕಿರುಕುಳ ತಾಳಲಾರದೆ ಸಾಲಗಾರರು ಊರು ಬಿಟ್ಟ, ಪ್ರಾಣ ಬಿಟ್ಟ ಸುದ್ದಿಗಳ ನಡುವೆ 2025ರ ಫೆಬ್ರುವರಿಯಲ್ಲಿ ಹತ್ತು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ವಿಧಿಸುವ ಸುಗ್ರೀವಾಜ್ಞೆಯೂ ಬಂತು. ಕಾನೂನಿಗೆ ಬರವಿಲ್ಲ. ಆದರೆ ಆಸ್ತಿಯ ಮೇಲೆ ಖಾಸಗಿ ಸಾಲ ಕೊಡುವವರು ಸಾಲಪತ್ರವನ್ನೇ ಬರೆಸುವುದಿಲ್ಲ. ಹತ್ತು ಲಕ್ಷ ಕೊಟ್ಟು, ನಲವತ್ತು ಲಕ್ಷದ ಸೈಟಿಗೆ ಹತ್ತು ಲಕ್ಷ ಅಡ್ವಾನ್ಸ್ ಪಡೆದಂತೆ ಮಾರಾಟದ ಅಗ್ರಿಮೆಂಟ್ ಬರೆಸಿಕೊಳ್ಳುತ್ತಾರೆ. ಜೊತೆಗೆ ಒಂದು ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ), ಸಹಿ ಮಾಡಿದ ಎರಡು ಖಾಲಿ ಚೆಕ್ಕು. ಬಡ್ಡಿ ಎಂಬ ಪದ ಎಲ್ಲೂ ಇರುವುದಿಲ್ಲ, ಆದ್ದರಿಂದ ಬಡ್ಡಿಯ ಕಾನೂನುಗಳು ಅದನ್ನು ಮುಟ್ಟುವುದು ಕಷ್ಟ. ಜಿಪಿಎಯಿಂದ ಒಡೆತನ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ, ಆದರೆ ಅಗ್ರಿಮೆಂಟ್ ಇದೆಯಲ್ಲ. ಹಣ ಕೊಡುವುದು ತಡವಾದರೆ ಕ್ರಯಪತ್ರ ಮಾಡಿಸಿಕೊಡಿ ಎಂಬ ದಾವೆ ಬರುತ್ತದೆ. ಅದು ಸಾಲಕ್ಕೆ ಭದ್ರತೆಯಾಗಿ ಬರೆದುಕೊಟ್ಟ ಪತ್ರವಷ್ಟೇ ಎಂಬ ಪ್ರತಿವಾದ ನಮ್ಮ ಸಿವಿಲ್ ಕೋರ್ಟುಗಳಲ್ಲಿ ದಿನವೂ ಕೇಳಿಬರುತ್ತದೆ, ಸಹಿ ಹಾಕಿದ ಬರಹದ ಎದುರು ಬಾಯಿಮಾತಿನ ಸಾಕ್ಷ್ಯ ನಿಲ್ಲಿಸುವುದು ಸುಲಭವಲ್ಲ. ಆಸ್ತಿ ಇಟ್ಟು ಕೈಸಾಲ ತರುವುದು ಅನಿವಾರ್ಯವೇ ಆದರೆ ಉಪನೋಂದಣಿ ಕಚೇರಿಯಲ್ಲಿ ಅಡಮಾನ ಪತ್ರವನ್ನೇ ನೋಂದಾಯಿಸಬೇಕು: ಪಡೆದ ಮೊತ್ತ, ಬಡ್ಡಿ, ತೀರಿಸುವ ತಾರೀಕು ಅದರಲ್ಲಿ ಬರೆದಿರಬೇಕು, ಹಣ ಬ್ಯಾಂಕ್ ಖಾತೆಯ ಮೂಲಕವೇ ಬಂದಿರಬೇಕು. ಅಡಮಾನವಾದರೆ ತಾರೀಕು ತಪ್ಪಿದ ಮೇಲೂ ಹಣ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಉಳಿಯುತ್ತದೆ, ಅದನ್ನು ಕಸಿಯಲು ಸಾಲ ಕೊಟ್ಟವನು ಕೋರ್ಟಿಗೆ ಹೋಗಬೇಕು. ಅಡಮಾನ ಪತ್ರಕ್ಕೆ ಒಪ್ಪದೆ ಅಗ್ರಿಮೆಂಟೇ ಆಗಬೇಕು ಎನ್ನುವವನಿಗೆ ಬಡ್ಡಿಗಿಂತ ಸೈಟಿನ ಮೇಲೇ ಹೆಚ್ಚು ಕಣ್ಣು. ಅವನ ದರ ಎಷ್ಟೇ ಕಡಿಮೆ ಇದ್ದರೂ ಆ ಹಣ ಮುಟ್ಟಬಾರದು.